ಹಿತ್ತಲಿನ ಒಂದು ಪಾತಿ

ಅಮೆರಿಕದಲ್ಲಿದ್ದು ಸ್ವಾವಲಂಬನೆಯ ಮಾತೇ ಎಂದು ಮಿತ್ರರು ನಗುವುದುಂಟು. ಆದರೆ ಈ ನೆಲದಲ್ಲಿಯೂ ಅದಕ್ಕೊಂದು ಪರಂಪರೆಯಿದೆ. 1932ರಲ್ಲಿ ಸ್ಕಾಟ್ ಮತ್ತು ಹೆಲೆನ್ ನಿಯರಿಂಗ್ ನ್ಯೂಯಾರ್ಕ್ ತೊರೆದು ವರ್ಮಾಂಟಿನ ಬೆಟ್ಟಗಳಿಗೆ ಹೋದರು. ಕಲ್ಲಿನ ಮನೆಯನ್ನು ತಾವೇ ಕಟ್ಟಿ, ತರಕಾರಿಯನ್ನು ತಾವೇ ಬೆಳೆದು ಬಾಳಿದರು. ಸ್ಕಾಟ್ ಅಗಲಿದ್ದು 1983ರಲ್ಲಿ, ನೂರು ತುಂಬಿದ ಮೇಲೆ.

ನೌಕರಿಗೆ ಕಟ್ಟುಬಿದ್ದ ನಮಗೆ ಅಷ್ಟು ಸಾಧ್ಯವಾಗದು. ಹಿತ್ತಲಿನಲ್ಲಿ ಒಂದು ಪಾತಿ ಸಾಧ್ಯ. ಶರತ್ಕಾಲದ ತರಗೆಲೆ ಮೂರು ಪಾಲು, ಅಡುಗೆಮನೆಯ ಸಿಪ್ಪೆ ಒಂದು ಪಾಲು ಸೇರಿಸಿ ಆಗಾಗ ತಿರುವಿಹಾಕಿದರೆ ಮುಂದಿನ ಬೇಸಿಗೆಗೆ ಗೊಬ್ಬರ ಸಿದ್ಧ. ನನ್ನ ಹಿತ್ತಲಿನ ಬೆಂಡೆ, ಮೆಂತ್ಯಗಳಿಗೆ ಅದೇ ಆಹಾರ. ಉಳಿಯುವ ಹಣ ಅಲ್ಪವೇ. ಆದರೆ ಅನ್ನವು ಅಂಗಡಿಯಲ್ಲಿ ಹುಟ್ಟುವುದೆಂದು ನಂಬಿ ಬೆಳೆಯುವ ನಮ್ಮ ಮಕ್ಕಳಿಗೆ ಮಣ್ಣಿನ ಋಣವನ್ನು ತಿಳಿಸಲು ಇದಕ್ಕಿಂತ ಸುಲಭವಾದ ಪಾಠವನ್ನು ನಾನು ಕಾಣೆ.