ಮಗುವಿನ ಲಿಂಫೋಸೈಟ್ ಎಣಿಕೆ ನೋಡಿದಿರಾ?

ಹುಟ್ಟಿದಾಗ ಗುಂಡುಗುಂಡಾಗಿದ್ದ ಮಗು ಮೂರನೇ ತಿಂಗಳಿಗೆ ಸೊರಗತೊಡಗುತ್ತದೆ. ನಾಲಿಗೆಯ ಮೇಲೆ ಒರೆಸಿದರೂ ಹೋಗದ ಬಿಳಿ ಪದರ, ನಿಲ್ಲದ ಭೇದಿ, ಮೇಲಿಂದ ಮೇಲೆ ನ್ಯುಮೋನಿಯಾ. ಬಿಸಿಜಿ ಚುಚ್ಚಿದ ಎಡತೋಳಿನ ಗಾಯ ಮಾಯದೆ ಕಂಕುಳಲ್ಲಿ ಗಂಟು ಏಳುತ್ತದೆ. ದೃಷ್ಟಿ ತೆಗೆಸಿ, ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವಷ್ಟರಲ್ಲಿ ಮಗು ಕೈತಪ್ಪಿರುತ್ತದೆ. ಹಿಂದಿನ ಮಗುವೂ ಹೀಗೇ ಹೋಯಿತೆಂದು ಅಜ್ಜಿ ಕಣ್ಣೊರೆಸಿಕೊಳ್ಳುತ್ತಾರೆ.

ಅಜ್ಜಿಯ ಆ ಮಾತಿನಲ್ಲೇ ರೋಗದ ಸುಳಿವಿದೆ.

ಸ್ಕಿಡ್ ಎಂದು ವೈದ್ಯರು ಕರೆಯುವ ಈ ಕಾಯಿಲೆಯಲ್ಲಿ ಸೋಂಕಿನೊಂದಿಗೆ ಸೆಣಸುವ ಲಿಂಫೋಸೈಟ್‌ಗಳಾದ ಟಿ-ಕೋಶಗಳೇ ತಯಾರಾಗುವುದಿಲ್ಲ, ತಯಾರಾದರೂ ಕೆಲಸ ಮಾಡುವುದಿಲ್ಲ. ಎದೆಮೂಳೆಯ ಹಿಂದೆ, ಈ ಕೋಶಗಳು ಪಳಗುವ ಥೈಮಸ್ ಗ್ರಂಥಿಯ ನೆರಳು ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಕಾಣುವುದೇ ಇಲ್ಲ. ತಾಯಿಯಿಂದ ಬಂದ ಪ್ರತಿಕಾಯಗಳು ಕರಗುವವರೆಗೆ ಅಷ್ಟಿಷ್ಟು ರಕ್ಷೆ, ಆಮೇಲೆ ಅದೂ ಇಲ್ಲ.

ದೋಷವಿರುವುದು ಜೀನಿನಲ್ಲಿ. ಎಕ್ಸ್ ವರ್ಣತಂತುವಿನ ಐಎಲ್2ಆರ್‌ಜಿ ಕೆಟ್ಟರೆ ಕಾಯಿಲೆ ಬೀಳುವವರು ಗಂಡುಮಕ್ಕಳು. ಅಮೆರಿಕದಲ್ಲಿ ಪ್ಲಾಸ್ಟಿಕ್ ಗೂಡಿನೊಳಗೆ 12 ವರ್ಷ ಬದುಕಿ 1984ರಲ್ಲಿ ತೀರಿಕೊಂಡ ಡೇವಿಡ್ ವೆಟ್ಟರ್‌ಗೆ ಇದ್ದದ್ದು ಇದೇ. ರ‍್ಯಾಗ್1, ರ‍್ಯಾಗ್2, ಎಡಿಎ ಜೀನುಗಳದ್ದಾದರೆ ತಂದೆ-ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬರಬೇಕು. ಕರ್ನಾಟಕದ ಸೋದರಿಕೆ ಮದುವೆಗಳು ಭಾರವಾಗುವುದು ಇಲ್ಲಿ. ಸೋದರಮಾವನನ್ನು ಮದುವೆಯಾದವಳ ಮಗುವಿಗೆ ಒಂದು ಜೀನಿನ ಎರಡೂ ಪ್ರತಿ ಒಬ್ಬರೇ ಪೂರ್ವಜರಿಂದ ಬಂದಿರುವ ಸಾಧ್ಯತೆ ಎಂಟರಲ್ಲೊಂದು. ಅತ್ತೆ-ಮಾವನ ಮಕ್ಕಳು ಮದುವೆಯಾದರೆ ಹದಿನಾರರಲ್ಲೊಂದು.

ಪತ್ತೆಯ ಮೊದಲ ಹೆಜ್ಜೆಗೆ ದುಬಾರಿ ಯಂತ್ರ ಬೇಡ. ತಾಲ್ಲೂಕು ಲ್ಯಾಬಿನ ಸಿಬಿಸಿ (ರಕ್ತಕಣಗಳ ಎಣಿಕೆ) ಚೀಟಿ ಸಾಕು. ಬಿಳಿರಕ್ತಕಣ 6,000, ಅದರಲ್ಲಿ ಲಿಂಫೋಸೈಟ್ ಶೇ 15 ಎಂದಿದ್ದರೆ ಗುಣಿಸಿ: 900. ದೊಡ್ಡವರಲ್ಲಿ 1,500 ಇದ್ದರೂ ಸರಿ, ಎಳೆಗೂಸಿನಲ್ಲಿ 3,000ಕ್ಕಿಂತ ಕೆಳಗಿಳಿದರೆ ಅನುಮಾನಿಸಲೇಬೇಕು. ಎಷ್ಟೋ ಸಲ ಚೀಟಿಯಲ್ಲಿ ಹಿಮೋಗ್ಲೋಬಿನ್ ಮಾತ್ರ ನೋಡಿ ಮಡಚಿಡುತ್ತಾರೆ. ಇದು ನಿಜಕ್ಕೂ ಸಂಕಟದ ವಿಷಯ.

ಅಮೆರಿಕದ ವಿಸ್ಕಾನ್ಸಿನ್ 2008ರಲ್ಲೇ ಎಲ್ಲ ನವಜಾತ ಶಿಶುಗಳಿಗೆ ಸ್ಕಿಡ್ ಪರೀಕ್ಷೆ ಶುರುಮಾಡಿತು. ಮೂರೂವರೆ ತಿಂಗಳೊಳಗೆ ಅಸ್ಥಿಮಜ್ಜೆ ಕಸಿಯಾದ ಶಿಶುಗಳಲ್ಲಿ ಶೇ 94ರಷ್ಟು ಬದುಕುಳಿದದ್ದನ್ನು ಉತ್ತರ ಅಮೆರಿಕದ ಅಧ್ಯಯನವೊಂದು 2014ರಲ್ಲಿ ದಾಖಲಿಸಿದೆ. ನಮ್ಮಲ್ಲಿ ಹುಟ್ಟುತ್ತಲೇ ಕೊಡುವುದು ಜೀವಂತ ಬ್ಯಾಕ್ಟೀರಿಯಾ ಇರುವ ಬಿಸಿಜಿ. ಕ್ಷಯದ ನಾಡಿಗೆ ಅದು ಬೇಕೇ ಬೇಕು. ಆದರೆ ಸ್ಕಿಡ್ ಮಗುವಿನಲ್ಲಿ ಅದೇ ಮೈಯೆಲ್ಲ ಹರಡಬಹುದು.

2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಸ್ಕಿಡ್ ಸೇರಿದೆ, ಚಿಕಿತ್ಸೆಗೆ 50 ಲಕ್ಷ ರೂಪಾಯಿವರೆಗೆ ನೆರವಿದೆ. ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರ ಇಂದಿರಾ ಗಾಂಧಿ ಆಸ್ಪತ್ರೆಯೊಂದಿಗೆ ಈ ನೀತಿಯ ಉತ್ಕೃಷ್ಟತಾ ಕೇಂದ್ರವಾಗಿದೆ. ಮನೆಯಲ್ಲಿ ಈ ಹಿಂದೆ ಎಳೆಗೂಸು ಸೋಂಕಿನಿಂದ ತೀರಿಕೊಂಡಿದ್ದರೆ, ಮುಂದಿನ ಮಗುವಿಗೆ ಬಿಸಿಜಿ ಚುಚ್ಚುವ ಮುನ್ನ ಆ ಸಂಗತಿಯನ್ನು ವೈದ್ಯರಿಗೆ ದಯವಿಟ್ಟು ಹೇಳಿ.