ಸ್ಟೆಮ್ ಸೆಲ್ ಚಿಕಿತ್ಸೆ: ಸೋತ ಶ್ವಾಸಕೋಶಕ್ಕೆ ಭರವಸೆ ಎಷ್ಟು, ಎಚ್ಚರ ಎಷ್ಟು?

ಕೆಲವು ತಿಂಗಳ ಹಿಂದೆ ಒಂದು ಭಾನುವಾರ ಬಲಿಪೂಜೆ ಮುಗಿಸಿ ಹೊರಬರುವಾಗ ನಮ್ಮ ಧರ್ಮಕೇಂದ್ರದ ಮಹಿಳೆಯೊಬ್ಬರು ಬಾಗಿಲಲ್ಲಿ ಕಾಯುತ್ತಾ ನಿಂತಿದ್ದರು. ಅವರ ತಂದೆಗೆ ಎಪ್ಪತ್ತು ದಾಟಿದೆ. ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುವ ಪಲ್ಮನರಿ ಫೈಬ್ರೋಸಿಸ್ ಎಂಬ ಕಾಯಿಲೆ. ಮನೆಯಲ್ಲೇ ಆಕ್ಸಿಜನ್ ಯಂತ್ರ ಇಟ್ಟಿದ್ದಾರೆ. ಮೊಬೈಲಿಗೆ ಬಂದ ಒಂದು ಜಾಹೀರಾತನ್ನು ತೋರಿಸಿ ಅವರು ಕೇಳಿದರು: "ಫಾದರ್, ಸ್ಟೆಮ್ ಸೆಲ್ ಅಂತ ಒಂದು ಚಿಕಿತ್ಸೆ ಉಂಟಂತೆ. ಲಕ್ಷಗಟ್ಟಲೆ ಹೇಳ್ತಾರೆ. ಅಣ್ಣ ತೋಟದ ಒಂದು ಭಾಗ ಮಾರುವ ಅಂತಾನೆ. ಆದ್ರೆ ಸ್ಟೆಮ್ ಸೆಲ್ ಬೇಡ ಅಂತ ಧರ್ಮಸಭೆ ಹೇಳಿದೆ ಅಲ್ವಾ? ಪಪ್ಪನಿಗೆ ಮಾಡಿಸಬಹುದಾ?"

ಈ ಮಾತಿನಲ್ಲಿ ಎರಡು ಪ್ರಶ್ನೆಗಳಿವೆ. ಈ ಚಿಕಿತ್ಸೆ ನೈತಿಕವಾಗಿ ಸರಿಯೇ? ಇದರಿಂದ ಗುಣವಾಗುತ್ತದೆಯೇ? ಇಂಥದೇ ಸಂಕಟದಲ್ಲಿ ಬೇರೆ ಕುಟುಂಬಗಳೂ ಇರಬಹುದು. ಆದುದರಿಂದ ಎರಡಕ್ಕೂ ಉತ್ತರವನ್ನು ಸರಳವಾಗಿ ಇಲ್ಲಿ ವಿವರಿಸಲು ಪ್ರಯತ್ನಿಸಿದ್ದೇನೆ.

ಸ್ಟೆಮ್ ಸೆಲ್ ಎಂದರೇನು?

ಬಾಳೆಗಿಡವನ್ನು ಕಡಿದರೂ ಬುಡದಿಂದ ಕಂದು ಮೇಲೆ ಬರುವುದನ್ನು ನಾವೆಲ್ಲ ನೋಡಿದ್ದೇವೆ. ನಮ್ಮ ದೇಹದಲ್ಲಿಯೂ ಅಂಥ 'ಬುಡ'ದ ಕೆಲಸ ಮಾಡುವ ಜೀವಕೋಶಗಳಿವೆ. ಅವು ತಮ್ಮಂಥ ಕೋಶಗಳನ್ನೂ ಹುಟ್ಟಿಸಬಲ್ಲವು, ರಕ್ತ, ಚರ್ಮ ಮುಂತಾದ ನಿರ್ದಿಷ್ಟ ಕೆಲಸದ ಕೋಶಗಳಾಗಿಯೂ ಬದಲಾಗಬಲ್ಲವು. ಇವನ್ನೇ ಸ್ಟೆಮ್ ಸೆಲ್ ಅಥವಾ ಕಾಂಡಕೋಶ ಎನ್ನುತ್ತಾರೆ.

ಶ್ವಾಸಕೋಶದೊಳಗೆ ಕೋಟ್ಯಂತರ ಪುಟ್ಟ ಗಾಳಿಚೀಲಗಳಿವೆ. ಇವುಗಳ ಗೋಡೆಯಲ್ಲಿ ಎರಡು ಬಗೆಯ ಕೋಶಗಳು. ಮೊದಲನೆಯ ಬಗೆ ಬಹಳ ತೆಳು; ಆಮ್ಲಜನಕ ರಕ್ತಕ್ಕೆ ಸೇರುವುದು ಇವುಗಳ ಮೂಲಕ. ಎರಡನೆಯ ಬಗೆ, ಗಾಳಿಚೀಲ ಮುದುಡಿಕೊಳ್ಳದಂತೆ ತಡೆಯುವ ಸಾಬೂನಿನಂಥ ದ್ರವವನ್ನು ಒಸರುತ್ತದೆ. ಮೊದಲನೆಯ ಬಗೆಗೆ ಗಾಯವಾದಾಗ ಈ ಎರಡನೆಯ ಬಗೆಯ ಕೋಶಗಳೇ ವಿಭಜನೆಗೊಂಡು ಆ ಜಾಗವನ್ನು ತುಂಬುತ್ತವೆ. ಅಂದರೆ ಶ್ವಾಸಕೋಶ ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುವ ಶಕ್ತಿಯನ್ನು ಸ್ವಲ್ಪ ಮಟ್ಟಿಗೆ ಹೊಂದಿದೆ. ಗಾಯ ಪದೇ ಪದೇ ಆಗಿ ಈ ಶಕ್ತಿ ಸೋತಾಗ ಅಲ್ಲಿ ಗಟ್ಟಿ ಕಲೆಯ ಅಂಗಾಂಶ ಬೆಳೆಯುತ್ತದೆ. ಫೈಬ್ರೋಸಿಸ್ ಆಗುವುದು ಹೀಗೆ. ಬೀಡಿ, ಸಿಗರೇಟು ಅಥವಾ ಒಲೆಯ ಹೊಗೆಯಿಂದ ಬರುವ ಸಿಒಪಿಡಿ ಎಂಬ ದಮ್ಮಿನ ಕಾಯಿಲೆಯಲ್ಲಿ ಗಾಳಿಚೀಲಗಳ ಗೋಡೆಯೇ ಹರಿದುಹೋಗಿರುತ್ತದೆ. ಹರಿದದ್ದನ್ನು ಮತ್ತೆ ಕಟ್ಟಬಲ್ಲ ಔಷಧ ಈವರೆಗೆ ಇಲ್ಲ. ಆದ ಕಾರಣವೇ ಸ್ಟೆಮ್ ಸೆಲ್ ಎಂಬ ಮಾತಿಗೆ ಇಷ್ಟು ಆಕರ್ಷಣೆ.

ಮೊದಲ ಪ್ರಶ್ನೆ: ಧರ್ಮಸಭೆ ಏನು ಹೇಳುತ್ತದೆ?

"ಧರ್ಮಸಭೆ ಸ್ಟೆಮ್ ಸೆಲ್‌ಗೆ ವಿರೋಧ" ಎಂಬ ಮಾತು ಅರ್ಧ ಸತ್ಯ. 1998ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಜೇಮ್ಸ್ ಥಾಮ್ಸನ್ ಮಾನವ ಭ್ರೂಣದಿಂದ ಸ್ಟೆಮ್ ಸೆಲ್‌ಗಳನ್ನು ಬೇರ್ಪಡಿಸಿ ಬೆಳೆಸಿದರು. ಇದಕ್ಕಾಗಿ ಭ್ರೂಣವನ್ನು ನಾಶಮಾಡಬೇಕಾಗಿತ್ತು. ಧರ್ಮಸಭೆಯ ವಿರೋಧ ಇರುವುದು ಇದಕ್ಕೆ. ಒಬ್ಬರ ಜೀವ ಉಳಿಸಲು ಇನ್ನೊಂದು ಮಾನವ ಜೀವವನ್ನು ಸಾಧನವಾಗಿ ಬಳಸಬಾರದು ಎಂಬುದೇ ಅದರ ನಿಲುವು.

2008ರ 'ದಿಗ್ನಿತಾಸ್ ಪೆರ್ಸೋನೆ' ಎಂಬ ಬೋಧನಾಪತ್ರದಲ್ಲಿ ವ್ಯಾಟಿಕನ್ ಇದನ್ನು ಬಿಡಿಸಿ ಹೇಳಿದೆ. ವಯಸ್ಕರ ದೇಹದಿಂದ, ಹೆರಿಗೆಯ ವೇಳೆ ಹೊಕ್ಕುಳಬಳ್ಳಿಯ ರಕ್ತದಿಂದ, ಸಹಜವಾಗಿ ಮೃತಪಟ್ಟ ಭ್ರೂಣದಿಂದ ಕೋಶಗಳನ್ನು ಪಡೆಯುವುದು ತಪ್ಪಲ್ಲ. ಜೀವಂತ ಭ್ರೂಣವನ್ನು ನಾಶಮಾಡಿ ಪಡೆಯುವುದು ತಪ್ಪು. 2011ರ ನವೆಂಬರಿನಲ್ಲಿ ವಯಸ್ಕ ಸ್ಟೆಮ್ ಸೆಲ್ ಕುರಿತ ಸಮ್ಮೇಳನವೊಂದು ವ್ಯಾಟಿಕನ್ನಿನಲ್ಲೇ ನಡೆಯಿತು. ಅದರಲ್ಲಿ ಭಾಗವಹಿಸಿದವರನ್ನು ಜಗದ್ಗುರು 16ನೇ ಬೆನೆಡಿಕ್ಟ್ ಅವರು ಭೇಟಿಯಾಗಿ ಈ ಸಂಶೋಧನೆಯನ್ನು ಪ್ರೋತ್ಸಾಹಿಸಿದರು.

ವಿಜ್ಞಾನವೂ ಇನ್ನೊಂದು ದಾರಿಯನ್ನು ಕಂಡುಕೊಂಡಿತು. ಜಪಾನಿನ ಕ್ಯೋಟೋ ವಿಶ್ವವಿದ್ಯಾನಿಲಯದ ಶಿನ್ಯಾ ಯಮನಾಕ 2006ರಲ್ಲಿ ಇಲಿಯ, 2007ರಲ್ಲಿ ಮನುಷ್ಯನ ಸಾಮಾನ್ಯ ಚರ್ಮಕೋಶಗಳನ್ನೇ ಹಿಂದಿರುಗಿಸಿ ಸ್ಟೆಮ್ ಸೆಲ್ ಆಗಿಸಿದರು. ಭ್ರೂಣದ ಅಗತ್ಯವೇ ಬೀಳಲಿಲ್ಲ. 2012ರಲ್ಲಿ ಅವರಿಗೂ ಬ್ರಿಟನ್ನಿನ ಜಾನ್ ಗರ್ಡನ್ ಅವರಿಗೂ ನೊಬೆಲ್ ಪ್ರಶಸ್ತಿ ಸಂದಿತು.

ಶ್ವಾಸಕೋಶಕ್ಕಾಗಿ ನಡೆದ ಮುಖ್ಯ ಪ್ರಯೋಗಗಳಲ್ಲಿ ಹೆಚ್ಚಿನವು ವಯಸ್ಕ ದಾನಿಗಳ ಅಸ್ಥಿಮಜ್ಜೆಯಿಂದ ಅಥವಾ ಹೊಕ್ಕುಳಬಳ್ಳಿಯಿಂದ ಪಡೆದ ಕೋಶಗಳನ್ನು ಬಳಸಿವೆ. ಇವುಗಳಿಗೆ ಧರ್ಮಸಭೆಯ ಆಕ್ಷೇಪವಿಲ್ಲ. ಆದರೂ 2020ರಲ್ಲಿ ಚೀನಾದಲ್ಲಿ ಕೋವಿಡ್ ರೋಗಿಗಳ ಮೇಲೆ ಭ್ರೂಣಮೂಲದ ಕೋಶಗಳನ್ನೂ ಪ್ರಯೋಗಿಸಿದ್ದರು. ಆದುದರಿಂದ "ಈ ಕೋಶ ಎಲ್ಲಿಂದ ಬಂದದ್ದು?" ಎಂದು ಕೇಳುವುದು ನಮ್ಮ ಹಕ್ಕು ಮಾತ್ರವಲ್ಲ, ಕರ್ತವ್ಯವೂ ಹೌದು.

ಎರಡನೇ ಪ್ರಶ್ನೆ: ಗುಣವಾಗುತ್ತದೆಯೇ?

ಇಲ್ಲಿ ಉತ್ತರ ಕಷ್ಟದ್ದು. ಜಾಹೀರಾತುಗಳು ಏನೇ ಹೇಳಲಿ, ದೊಡ್ಡ ಪ್ರಯೋಗಗಳ ಫಲಿತಾಂಶ ಹೀಗಿದೆ.

ಸಿಒಪಿಡಿ ಇದ್ದ 62 ಮಂದಿಯ ಮೇಲೆ ಅಮೆರಿಕದಲ್ಲಿ ನಡೆದ ಪ್ರಯೋಗದ ವರದಿ 2013ರಲ್ಲಿ ಬಂತು. ಅಸ್ಥಿಮಜ್ಜೆಯ 'ಮೀಸೆಂಕೈಮಲ್' ಕೋಶಗಳನ್ನು ರಕ್ತನಾಳದ ಮೂಲಕ ಕೊಟ್ಟಿದ್ದರು. ತೊಂದರೆಯೇನೂ ಆಗಲಿಲ್ಲ. ಆದರೆ ಉಸಿರಾಟದ ಸಾಮರ್ಥ್ಯವೂ ಹೆಚ್ಚಲಿಲ್ಲ.

ನ್ಯುಮೋನಿಯಾ, ರಕ್ತದ ಸೋಂಕು ಮುಂತಾದವುಗಳಿಂದ ಶ್ವಾಸಕೋಶ ಹಠಾತ್ತಾಗಿ ನೀರು ತುಂಬಿ ಕೆಲಸ ನಿಲ್ಲಿಸುವ ಸ್ಥಿತಿಗೆ ಎಆರ್‌ಡಿಎಸ್ ಎನ್ನುತ್ತಾರೆ. 50 ದೇಶಗಳ ಆಸ್ಪತ್ರೆಗಳನ್ನು ಒಳಗೊಂಡು 2016ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಇದಕ್ಕೆ ತುತ್ತಾದ 10 ಮಂದಿಯಲ್ಲಿ 4 ಮಂದಿ ಆಸ್ಪತ್ರೆಯಲ್ಲೇ ತೀರಿಕೊಳ್ಳುತ್ತಾರೆ. ಇಂಥ 60 ರೋಗಿಗಳ ಮೇಲೆ ಅಮೆರಿಕದಲ್ಲಿ ನಡೆದ ಪ್ರಯೋಗದ ಫಲಿತಾಂಶ 2019ರಲ್ಲಿ ಹೊರಬಂತು. ಕೋಶ ಪಡೆದ 40 ಮಂದಿಯಲ್ಲಿ 12 ಮಂದಿ, ಪಡೆಯದ 20 ಮಂದಿಯಲ್ಲಿ 3 ಮಂದಿ 28 ದಿನಗಳೊಳಗೆ ಮೃತಪಟ್ಟಿದ್ದರು. ಕೋಶ ಪಡೆದವರು ಮೊದಲೇ ಹೆಚ್ಚು ಗಂಭೀರ ಸ್ಥಿತಿಯಲ್ಲಿದ್ದರು. ಆದುದರಿಂದ ಕೋಶಗಳೇ ಕೊಂದವು ಎನ್ನುವಂತಿಲ್ಲ. ಜೀವ ಉಳಿಸಿದವು ಎನ್ನಲೂ ಆಧಾರ ಸಿಗಲಿಲ್ಲ. ಕೋವಿಡ್‌ನಿಂದ ಎಆರ್‌ಡಿಎಸ್ ಆಗಿ ವೆಂಟಿಲೇಟರಿನಲ್ಲಿದ್ದ 200ಕ್ಕೂ ಹೆಚ್ಚು ಮಂದಿಯ ಮೇಲಿನ ಇನ್ನೊಂದು ಪ್ರಯೋಗಕ್ಕೆ, ಪ್ರಯೋಜನ ಕಾಣುವ ಲಕ್ಷಣವಿಲ್ಲವೆಂದು 2020ರ ಡಿಸೆಂಬರಿನಲ್ಲಿ ಹೊಸಬರನ್ನು ಸೇರಿಸುವುದನ್ನು ನಿಲ್ಲಿಸಲಾಯಿತು. ಅವಧಿಗೆ ಮುನ್ನ ಹುಟ್ಟಿದ 66 ಶಿಶುಗಳ ಶ್ವಾಸಕೋಶ ಕಾಪಾಡಲು ದಕ್ಷಿಣ ಕೊರಿಯಾದಲ್ಲಿ ಹೊಕ್ಕುಳಬಳ್ಳಿ ರಕ್ತದ ಕೋಶ ಬಳಸಿದ ಪ್ರಯೋಗದಲ್ಲೂ ಮುಖ್ಯ ಗುರಿ ಈಡೇರಲಿಲ್ಲ ಎಂದು 2021ರಲ್ಲಿ ವರದಿಯಾಯಿತು.

ಇದಕ್ಕೆ ಒಂದು ಕಾರಣವಿದೆ. ರಕ್ತನಾಳಕ್ಕೆ ಕೊಟ್ಟ ಈ ಕೋಶಗಳಲ್ಲಿ ಹೆಚ್ಚಿನವು ಶ್ವಾಸಕೋಶದ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ ಎಂಬುದು ನಿಜ. ಆದರೆ ಅವು ಅಲ್ಲಿ ಬೇರು ಬಿಟ್ಟು ಹೊಸ ಶ್ವಾಸಕೋಶವಾಗುವುದಿಲ್ಲ. ಕೆಲವು ದಿನಗಳಲ್ಲಿ ಅಳಿದುಹೋಗುತ್ತವೆ. ಅಷ್ಟರೊಳಗೆ ಉರಿಯೂತ ತಗ್ಗಿಸುವ ಕೆಲವು ರಾಸಾಯನಿಕ ಸಂದೇಶಗಳನ್ನು ಬಿಡುತ್ತವೆ, ಅಷ್ಟೆ. "ಕೋಶ ನೇರವಾಗಿ ಶ್ವಾಸಕೋಶಕ್ಕೇ ಹೋಗುತ್ತದೆ" ಎಂದು ಜಾಹೀರಾತು ಹೇಳುವಾಗ ಅರ್ಧ ಕಥೆ ಮಾತ್ರ ಹೇಳುತ್ತಿರುತ್ತದೆ.

ಹಾಗೆಂದು ದಾರಿ ಮುಚ್ಚಿಲ್ಲ. ಯಮನಾಕ ವಿಧಾನದ ಕೋಶಗಳಿಂದ ಗಾಳಿಚೀಲದ ಎರಡನೆಯ ಬಗೆಯ ಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಲು ಸಾಧ್ಯವಾಗಿದೆ. ಬೋಸ್ಟನ್ ವಿಶ್ವವಿದ್ಯಾನಿಲಯದ ತಂಡ 2020ರಲ್ಲಿ ಇಂಥ ಕೋಶಗಳ ಮೇಲೆಯೇ ಕೋವಿಡ್ ವೈರಸ್ಸಿನ ದಾಳಿಯನ್ನು ಅಧ್ಯಯನ ಮಾಡಿತು. ರೋಗಿಯ ಶ್ವಾಸನಾಳದಿಂದಲೇ ಕೋಶ ತೆಗೆದು, ಬೆಳೆಸಿ, ಮರಳಿ ಸೇರಿಸುವ ಪ್ರಯತ್ನ ಚೀನಾದಲ್ಲಿ ಬೆರಳೆಣಿಕೆಯ ರೋಗಿಗಳ ಮೇಲೆ ನಡೆದಿದೆ. ಇವೆಲ್ಲ ಆರಂಭದ ಹೆಜ್ಜೆಗಳು.

ಅವಸರದ ಬೆಲೆ

ಅವಸರ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಪಾವೊಲೊ ಮಕಿಯಾರಿನಿ ಪ್ರಕರಣ ಸಾಕ್ಷಿ. ಈ ಶಸ್ತ್ರಚಿಕಿತ್ಸಕ 2011ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಪ್ಲಾಸ್ಟಿಕ್ಕಿನ ಶ್ವಾಸನಾಳಕ್ಕೆ ರೋಗಿಯ ಸ್ಟೆಮ್ ಸೆಲ್ ಲೇಪಿಸಿ ಜೋಡಿಸಿದಾಗ ಜಗತ್ತಿನ ಪತ್ರಿಕೆಗಳು ಕೊಂಡಾಡಿದವು. ಅಲ್ಲಿ ಆತನಿಂದ ಇಂಥ ಶಸ್ತ್ರಚಿಕಿತ್ಸೆಗೆ ಒಳಗಾದ ಮೂವರೂ ಬಹಳ ನರಳಿ ತೀರಿಕೊಂಡರು. 2023ರ ಜೂನ್‌ನಲ್ಲಿ ಸ್ವೀಡನ್ನಿನ ಮೇಲ್ಮನವಿ ನ್ಯಾಯಾಲಯ ಆತನಿಗೆ ಎರಡೂವರೆ ವರ್ಷ ಜೈಲು ವಿಧಿಸಿತು.

ನಮ್ಮ ದೇಶದ ನಿಯಮ

ಐಸಿಎಂಆರ್ ಮತ್ತು ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ. ರಕ್ತದ ಕೆಲವು ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆ ಕಸಿಯಂಥ ಚಿಕಿತ್ಸೆಯನ್ನು ಬಿಟ್ಟರೆ, ಉಳಿದ ಸ್ಟೆಮ್ ಸೆಲ್ ಬಳಕೆಯೆಲ್ಲ ಪ್ರಯೋಗವೇ. ಅನುಮತಿ ಪಡೆದ ಕ್ಲಿನಿಕಲ್ ಟ್ರಯಲ್‌ನ ಹೊರಗೆ ಕೊಡುವಂತಿಲ್ಲ. ಆ ಬಳಿಕವೂ ಶ್ವಾಸಕೋಶದ ಕಾಯಿಲೆಗೆ ಇಂಥ ಯಾವ ಉತ್ಪನ್ನಕ್ಕೂ ಒಪ್ಪಿಗೆ ಸಿಕ್ಕಿಲ್ಲ. ನಿಯಮದಂತೆ ನಡೆದವರಿಗೆ ಒಪ್ಪಿಗೆ ಸಿಗುವುದಿಲ್ಲ ಎಂದೇನಿಲ್ಲ. ಮಣಿಪಾಲ ಸಮೂಹದ ನಂಟಿರುವ ಸ್ಟೆಂಪ್ಯೂಟಿಕ್ಸ್ ಕಂಪನಿಯ ಕೋಶ ಉತ್ಪನ್ನಕ್ಕೆ, ಕೈಕಾಲಿನ ರಕ್ತನಾಳ ಮುಚ್ಚಿಹೋಗುವ ಬರ್ಗರ್ ಕಾಯಿಲೆಗಾಗಿ, 2016ರಲ್ಲಿ ಷರತ್ತಿನ ಅನುಮತಿ ದೊರಕಿತ್ತು.

ಯಾರಾದರೂ ಈ ಚಿಕಿತ್ಸೆ ಕೊಡುತ್ತೇವೆ ಎಂದರೆ ಕುಟುಂಬದವರು ಈ ನಾಲ್ಕನ್ನು ಕೇಳಬೇಕು:

1. ಇದು ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ, ಅಂದರೆ ಸಿಟಿಆರ್‌ಐಯಲ್ಲಿ ದಾಖಲಾಗಿದೆಯೇ? ನೋಂದಣಿ ಸಂಖ್ಯೆ ಕೊಡಿ.
2. ನೈತಿಕ ಸಮಿತಿಯ ಒಪ್ಪಿಗೆ ಪತ್ರ ಇದೆಯೇ?
3. ಕೋಶದ ಮೂಲ ಯಾವುದು?
4. ಹಣ ಏಕೆ? ಪ್ರಯೋಗಕ್ಕೆ ಒಳಗಾಗುವ ರೋಗಿಯಿಂದ ಆ ಚಿಕಿತ್ಸೆಗೆ ಹಣ ಪಡೆಯಬಾರದು ಎಂದು ಮಾರ್ಗಸೂಚಿ ಹೇಳುತ್ತದೆ. 2019ರ ನಿಯಮಗಳಂತೆ ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರವೂ ಸಿಗಬೇಕು.

ಹಾಗಾದರೆ ರೋಗಿಗೆ ಏನು?

ಹೊಗೆ ಬಿಡುವುದು, ಇನ್‌ಹೇಲರನ್ನು ಸರಿಯಾದ ಕ್ರಮದಲ್ಲಿ ಎಳೆಯುವುದು, ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ, ಉಸಿರಾಟದ ವ್ಯಾಯಾಮ, ವೈದ್ಯರು ಹೇಳಿದ್ದರೆ ಮನೆಯಲ್ಲಿ ಆಕ್ಸಿಜನ್: ಇವು ಸಣ್ಣ ಸಂಗತಿಗಳಂತೆ ಕಂಡರೂ ಪರೀಕ್ಷೆಯಲ್ಲಿ ಗೆದ್ದವು. ಫೈಬ್ರೋಸಿಸ್ ವೇಗವನ್ನು ತಗ್ಗಿಸುವ ಪಿರ್ಫೆನಿಡೋನ್ ಮತ್ತು ನಿಂಟೆಡನಿಬ್ ಎಂಬ ಮಾತ್ರೆಗಳಿವೆ. ಆಯ್ದ ಕೆಲವರಿಗೆ ಶ್ವಾಸಕೋಶ ಕಸಿಯೂ ಸಾಧ್ಯ. ಗುಣವಾಗದ ಹಂತದಲ್ಲಿ ಏದುಸಿರಿನ ಯಾತನೆಯನ್ನು ತಗ್ಗಿಸುವ ಪ್ಯಾಲಿಯೇಟಿವ್ ಆರೈಕೆಯೂ ಚಿಕಿತ್ಸೆಯೇ. ಅದನ್ನು "ಕೈಬಿಟ್ಟರು" ಎಂದು ತಿಳಿಯಬಾರದು.

ಆ ಮಹಿಳೆ ಮನೆಗೆ ಹೋಗಿ ಜಾಹೀರಾತಿನ ನಂಬರಿಗೆ ಫೋನ್ ಮಾಡಿ ನೋಂದಣಿ ಸಂಖ್ಯೆ ಕೇಳಿದರು. "ಅದೆಲ್ಲ ಸಂಶೋಧನೆಗೆ, ನಮ್ಮದು ಚಿಕಿತ್ಸೆ" ಎಂಬ ಉತ್ತರ ಬಂತು. ಸಂಖ್ಯೆ ಬರಲೇ ಇಲ್ಲ. ತೋಟ ಉಳಿಯಿತು. ಎದೆರೋಗ ತಜ್ಞರು ಮಾತ್ರೆ ಬದಲಿಸಿ, ಫಿಸಿಯೋಥೆರಪಿಗೆ ಕಳುಹಿಸಿದ್ದಾರೆ. ಹಿರಿಯರ ಕಾಯಿಲೆ ವಾಸಿಯಾಗಿಲ್ಲ. ಕಳೆದ ವಾರ ಪರಮಪ್ರಸಾದ ಕೊಂಡೊಯ್ದಾಗ ಜಗಲಿಯಲ್ಲಿ ಕುಳಿತು ಮೊಮ್ಮಗನೊಂದಿಗೆ ಮಾತಾಡುತ್ತಿದ್ದರು.

ವಾಳೆಯ ಗುರಿಕಾರರೂ ಆರೋಗ್ಯ ಆಯೋಗದವರೂ ಮುಂದಿನ ಕಿರು ಸಮುದಾಯ ಸಭೆಯಲ್ಲಿ ಆ ನಾಲ್ಕು ಪ್ರಶ್ನೆಗಳನ್ನು ಓದಿ ಹೇಳಬೇಕೆಂದು ಕೋರುತ್ತೇನೆ. ಯಾವ ಮನೆಗೆ ಇಂಥ ಜಾಹೀರಾತು ಬಂದಿದೆಯೋ ನಮಗೆ ತಿಳಿಯದು.