ಗಡಿ ದಾಟುವ ಜಿಂಕೆ

ಭಾನುವಾರ ವಿಕ್ಲೋ ಬೆಟ್ಟಗಳಿಗೆ ಹೋಗಿಬರುವ ನಮ್ಮ ಸದಸ್ಯ ಕುಟುಂಬಗಳಿಗೆ ಜಿಂಕೆ ಅಪರೂಪವಲ್ಲ. ಅಲ್ಲಿನ ಸೀಕಾ ಜಿಂಕೆಗಳ ಪೂರ್ವಜರು 1860ರಲ್ಲಿ ಪವರ್ಸ್‌ಕೋರ್ಟ್ ಎಸ್ಟೇಟಿಗೆ ಬಂದಿಳಿದ ಪರದೇಶಿಗಳು, ನಮ್ಮ ಹಾಗೆಯೇ! ಅವುಗಳನ್ನು ಬೇಟೆಯಾಡಲು 1976ರ ವನ್ಯಜೀವಿ ಕಾಯಿದೆಯಂತೆ ಲೈಸೆನ್ಸು ಬೇಕು, ಋತುವನ್ನೂ ನೋಡಬೇಕು. ಇಷ್ಟು ಬಹುಮಂದಿಗೆ ಗೊತ್ತು. ಆದರೆ ಸತ್ತ ಜಿಂಕೆಯನ್ನು ಗಡಿ ದಾಟಿಸುವುದಕ್ಕೂ ಕಾನೂನುಗಳಿವೆಯೆಂಬುದು ಅಷ್ಟಾಗಿ ಗೊತ್ತಿಲ್ಲ.

ಈ ವಿಷಯದಲ್ಲಿ ಅಮೆರಿಕ ಬಲು ಕಟ್ಟುನಿಟ್ಟು. ಒಂದು ರಾಜ್ಯದ ಕಾನೂನು ಮೀರಿ ಕೊಂದ ಪ್ರಾಣಿಯನ್ನು ಇನ್ನೊಂದು ರಾಜ್ಯಕ್ಕೆ ಒಯ್ಯುವುದು 1900ರ ಲೇಸಿ ಕಾಯಿದೆಯಂತೆ ಅಪರಾಧ. ಅದರ ಜೊತೆಗೆ ಈಗ ರೋಗದ ಭಯವೂ ಸೇರಿದೆ. ಜಿಂಕೆಯನ್ನು ಸೊರಗಿಸಿ ಕೊಲ್ಲುವ ಈ ರೋಗ ಮೊದಲು ಕಂಡದ್ದು 1967ರಲ್ಲಿ, ಕೊಲೊರಾಡೋದಲ್ಲಿ. ಇದಕ್ಕೆ ಕಾರಣ ಬ್ಯಾಕ್ಟೀರಿಯಾ ಅಲ್ಲ, ವೈರಸ್ಸೂ ಅಲ್ಲ. ಪ್ರಿಯಾನ್ ಎಂಬ, ಆಕಾರ ಕೆಟ್ಟ ಪ್ರೋಟೀನು. ಅದು ಪಕ್ಕದ ಒಳ್ಳೆಯ ಪ್ರೋಟೀನನ್ನೂ ತನ್ನಂತೆಯೇ ಕೆಡಿಸುತ್ತದೆ. ರಸಾಯನಶಾಸ್ತ್ರದವರಾದ ನಮಗೆ ಇದೊಂದು ಸೋಜಿಗ: ಬೇಯಿಸಿದರೂ ನಾಶವಾಗದು, ಫಾರ್ಮಲಿನ್ನಿಗೂ ಜಗ್ಗದು, ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಮೆದುಳು, ಬೆನ್ನುಹುರಿಗಳಲ್ಲಿ ಅದು ಹೆಚ್ಚು. ಆದ್ದರಿಂದಲೇ ಅನೇಕ ರಾಜ್ಯಗಳು ರೋಗವಿರುವ ಕಡೆಯಿಂದ ಇಡೀ ಜಿಂಕೆಯನ್ನು ಒಳಗೆ ಬಿಡುವುದಿಲ್ಲ. ಮೂಳೆ ಬಿಡಿಸಿದ ಮಾಂಸ, ಚೊಕ್ಕಟ ಮಾಡಿದ ಕೊಂಬು ಇಂಥವಕ್ಕೆ ಮಾತ್ರ ದಾರಿ. ಮನುಷ್ಯರಿಗೆ ಅಂಟಿದ್ದಕ್ಕೆ ಇದುವರೆಗೆ ಪುರಾವೆಯಿಲ್ಲ. 2016ರಲ್ಲಿ ನಾರ್ವೆಯ ಹಿಮಸಾರಂಗದಲ್ಲಿ ರೋಗ ಕಾಣಿಸಿಕೊಂಡಿತು, ಐರ್ಲೆಂಡಿನಲ್ಲಿ ಕಂಡುಬಂದಿಲ್ಲ.

ಹಾಗೆಂದು ಇಲ್ಲಿಯವರು ಮೈಮರೆಯುವಂತಿಲ್ಲ. 2001ರಲ್ಲಿ ಇಂಗ್ಲೆಂಡಿನಿಂದ ತಂದ ಕುರಿಗಳೊಡನೆ ಕಾಲುಬಾಯಿ ಜ್ವರ ಉತ್ತರ ಐರ್ಲೆಂಡಿಗೆ ಬಂತು. ಮಾರ್ಚಿನಲ್ಲಿ ಗಡಿಯ ಈಚೆಗೆ, ಲೌತ್ ಕೌಂಟಿಯ ಕೂಲಿ ಪ್ರದೇಶದಲ್ಲೂ ಕಾಣಿಸಿತು. ಡಬ್ಲಿನ್ನಿನ ಸೇಂಟ್ ಪ್ಯಾಟ್ರಿಕ್ ಮೆರವಣಿಗೆಯೇ ಮೇ ತಿಂಗಳಿಗೆ ಮುಂದೆ ಹೋಯಿತು.

ಇನ್ನು ನಮ್ಮೂರಿನ ಮಾತು. ಮಲೆನಾಡು, ಕೊಡಗಿನ ಹಳೆಯ ಮನೆಗಳ ಗೋಡೆಯ ಮೇಲೆ ಕಡವೆಯ ಕೊಂಬು ಕಂಡವರು ನಮ್ಮಲ್ಲಿ ಹಲವರು. 1972ರ ಭಾರತದ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ, ಒಡೆತನದ ಪ್ರಮಾಣಪತ್ರವಿದ್ದ ವಸ್ತುವನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಒಯ್ದರೂ 30 ದಿನಗಳೊಳಗೆ ಅರಣ್ಯ ಇಲಾಖೆಗೆ ತಿಳಿಸಬೇಕು. ಮಡಿಕೇರಿಯಿಂದ ಕಣ್ಣೂರಿಗೇ ಹೀಗಾದರೆ ಡಬ್ಲಿನ್ನಿನ ಮಾತೇನು? "ಅಜ್ಜನ ನೆನಪು" ಎಂದು ಪೆಟ್ಟಿಗೆಯಲ್ಲಿ ಇಟ್ಟುಕೊಂಡರೆ ವಿಮಾನ ನಿಲ್ದಾಣದಲ್ಲಿ ಅಜ್ಜನ ಹೆಸರು ನೆರವಿಗೆ ಬಾರದು.

"ಕೊಂದದ್ದಲ್ಲ, ಉದುರಿದ್ದು" ಎನ್ನುವವರೂ ಇದ್ದಾರೆ. ಮಾತು ಸುಳ್ಳಲ್ಲ. ಜಿಂಕೆಯ ಕೊಂಬು ದನದ ಕೊಂಬಿನಂತಲ್ಲ. ಅದು ಮೂಳೆ, ವರ್ಷಕ್ಕೊಮ್ಮೆ ತಾನಾಗಿ ಕಳಚುತ್ತದೆ. ಆದರೆ ಕತ್ತರಿಸಿ ಪಿಡಿ ಮಾಡಿದ ಕೊಂಬಿನ ತುಂಡು ನೋಡಿ, ಇದು ಕೆರ್ರಿಯದೋ ನಾಗರಹೊಳೆಯದೋ, ಉದುರಿದ್ದೋ ಕೊಂದದ್ದೋ ಎಂದು ಸುಂಕದ ಅಧಿಕಾರಿ ಹೇಗೆ ಹೇಳಿಯಾನು? ಗಡಿಯಲ್ಲಿ ಜಿಂಕೆಯ ಪರವಾಗಿ ಸಾಕ್ಷಿ ಹೇಳುವುದು ಕಾಗದವೊಂದೇ. ಕಾನೂನು ಅಷ್ಟು ಬಿಗಿಯಾಗಿರುವುದು ಅದಕ್ಕಾಗಿ. ಸಡಿಲ ಬಿಟ್ಟರೆ ಕಳ್ಳಬೇಟೆಯ ಕೊಂಬುಗಳೆಲ್ಲ "ಉದುರಿದವು" ಆಗಿಬಿಡುತ್ತವೆ.

ಆದ್ದರಿಂದ ರಜಕ್ಕೆ ಊರಿಗೆ ಹೊರಡುವ ಸದಸ್ಯರಲ್ಲಿ ನಮ್ಮ ವಿನಂತಿ: ಇಲ್ಲಿಂದ ಕೊಂಬಿನ ಪಿಡಿಯ ಚಾಕು ಕೊಳ್ಳುವ ಮುನ್ನ ಭಾರತದ ಕಸ್ಟಮ್ಸ್ ನಿಯಮ ವಿಚಾರಿಸಿ. ಅಲ್ಲಿಂದ ಬರುವಾಗ ಯಾವುದೇ ಮಾಂಸ ತರಬೇಡಿ. ಯುರೋಪಿನ ಹೊರಗಿನಿಂದ ಪ್ರಯಾಣಿಕರು ಮಾಂಸ, ಹಾಲಿನ ಪದಾರ್ಥ ತರುವುದಕ್ಕೆ ನಿಷೇಧವಿದೆ. ಅಜ್ಜನ ಮನೆಯ ಕೊಂಬು ಅಜ್ಜನ ಗೋಡೆಯಲ್ಲೇ ಇರಲಿ. ಮಕ್ಕಳಿಗೆ ಜಿಂಕೆ ತೋರಿಸಬೇಕೆ? ಫೀನಿಕ್ಸ್ ಪಾರ್ಕಿಗೆ ಕರೆದೊಯ್ಯಿರಿ.